ಹಳೆಯ ಸೇನಾ ಜೀಪ್: ಕೊಳ್ಳುವ ಮುನ್ನ ಚಾಸಿ ನೋಡಿ, ಬಣ್ಣ ಬಳಿಯುವ ಮುನ್ನ ಬಾನೆಟ್ ನೋಡಿ

ಎರಡನೆಯ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ತಯಾರಾದ ಕಾಲು ಟನ್ ಜೀಪುಗಳಲ್ಲಿ ಮುಖ್ಯವಾದವು ಎರಡು: ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯು. ಎರಡೂ ಸೇರಿ 6 ಲಕ್ಷಕ್ಕೂ ಹೆಚ್ಚು. ಒಂದರ ಬಿಡಿಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಹಾಗಾಗಿ ಇಂದು ಸಿಗುವ ಹೆಚ್ಚಿನ ಗಾಡಿಗಳು ಎರಡರ ಬೆರಕೆ. ಯುದ್ಧದ ನಂತರದ ನಾಗರಿಕ ಮಾದರಿಗೆ ಹಸಿರು ಬಳಿದು ಸೇನಾ ಜೀಪೆಂದು ಮಾರುವುದೂ ಉಂಟು.

ಆದ್ದರಿಂದ ಎಂಜಿನ್ ಸದ್ದು ಕೇಳುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ. ರೇಡಿಯೇಟರ್ ಅಡಿಯ ಅಡ್ಡಪಟ್ಟಿ ಉರುಟು ಪೈಪಾಗಿದ್ದರೆ ಚಾಸಿ ವಿಲ್ಲಿಸ್‌ನದು; ಬೋರಲು ಹಾಕಿದ ‘ಯು’ ಆಕಾರದ ಪಟ್ಟಿ (ಚಾನೆಲ್) ಆಗಿದ್ದರೆ ಫೋರ್ಡ್‌ನದು. ವಿಲ್ಲಿಸ್‌ನ ನಂಬರ್ ತಗಡು ಬಂಪರಿನ ಹಿಂದೆ, ಎಡ ಚಾಸಿಯ ಒಳಮೈಗೆ ರಿವೆಟ್ ಆಗಿರುತ್ತದೆ. ಫೋರ್ಡ್ ತನ್ನ ನಂಬರನ್ನು ಎಡ ಚಾಸಿಯ ಮೇಲ್ಮೈಯಲ್ಲೇ ಕೆತ್ತುತ್ತಿತ್ತು. ಬೋಲ್ಟ್ ತಲೆಗಳ ಮೇಲೂ ಅದರ ‘ಎಫ್’ ಗುರುತು ಕಾಣುತ್ತದೆ. ಒತ್ತಿ ಮಾಡಿದ ಸೇನಾ ಗ್ರಿಲ್‌ಗೆ 9 ಸೀಳು, ನಾಗರಿಕ ಮಾದರಿಗೆ 7. ಹಿಂಬದಿಯಲ್ಲಿ ತೆರೆಯುವ ಬಾಗಿಲಿದ್ದರೆ ಬಾಡಿ ಸೇನೆಯದ್ದಲ್ಲ. ಎಂಜಿನ್ ನಂಬರ್ ಚಾಸಿ ನಂಬರಿಗೆ ತಾಳೆಯಾಗದಿದ್ದರೆ ಗಾಬರಿ ಬೇಡ, ಎಂಜಿನ್ ಬದಲಿಸುವುದು ಸೇನಾ ಗಾಡಿಗಳಲ್ಲಿ ಮಾಮೂಲು. ಚಾಸಿ ಮಾತ್ರ ರಾಜಿಯಿಲ್ಲದ ವಿಷಯ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ; 6 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಸೊಟ್ಟಗಾಗಿದೆ.

ಬಾಡಿಗೆ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣದ ಕಡೆ. ನೆಲದ ತಗಡಿನಡಿಯ ಚಾನೆಲ್‌ಗಳೊಳಗೆ ಮರದ ಪಟ್ಟಿ ಕೂರಿಸಿರುತ್ತಾರೆ. ಅದು ನೀರು ಹೀರಿ ವರ್ಷಗಟ್ಟಲೆ ಒದ್ದೆಯಾಗಿಯೇ ಉಳಿದು ಸುತ್ತಲಿನ ಉಕ್ಕನ್ನು ತಿನ್ನುತ್ತದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಚಾಲಕನ ಸೀಟಿನಡಿ ಪೆಟ್ರೋಲ್ ಟ್ಯಾಂಕ್ ಕೂರುವ ಗುಂಡಿಯನ್ನೂ ಹಾಗೆಯೇ ಪರೀಕ್ಷಿಸಿ. ಮೇಲೆ ತೇಪೆ ಹಾಕಿದರೆ ಪ್ರಯೋಜನವಿಲ್ಲ. ಚಾನೆಲ್ ಪೂರ್ತಿ ಕತ್ತರಿಸಿ ತೆಗೆದು, ಒಳಮೈಗೂ ಹೊಸ ಮರದ ಎಲ್ಲ ಮುಖಗಳಿಗೂ ಬಣ್ಣ ಹಚ್ಚಿ, ಪೂರ್ತಿ ಒಣಗಿದ ಮೇಲೆ ಕೂರಿಸಬೇಕು. ಬಾಡಿಯನ್ನು ಚಾಸಿಯಿಂದ ಎತ್ತುವ ಮುನ್ನ ಹತ್ತಿ ಇಳಿಯುವ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ. ಇಲ್ಲವಾದರೆ ಬಾಡಿ ನಡುವೆ ಮಡಚಿಕೊಳ್ಳುತ್ತದೆ.

ಎಂಜಿನ್ 2199 ಸಿಸಿ, 4 ಸಿಲಿಂಡರ್, 60 ಅಶ್ವಶಕ್ತಿ. ವಾಲ್ವ್‌ಗಳು ಹೆಡ್‌ನಲ್ಲಿಲ್ಲ, ಸಿಲಿಂಡರ್ ಪಕ್ಕದಲ್ಲೇ ಬ್ಲಾಕಿನೊಳಗಿವೆ. ಬಹಳ ದಿನ ನಿಂತ ಗಾಡಿಯಲ್ಲಿ ಅವು ತಾವು ಜಾರುವ ಕೊಳವೆಯಾದ ಗೈಡ್‌ಗೆ ಅಂಟಿಕೊಂಡಿರುತ್ತವೆ. ತಳ್ಳಿಯೋ ಎಳೆದೋ ಸ್ಟಾರ್ಟ್ ಮಾಡುವುದು ದೊಡ್ಡ ತಪ್ಪು. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ. ನಂತರ ಪಕ್ಕದ ಕವರ್ ಬಿಚ್ಚಿ, ಮುಂದಿನ ಹ್ಯಾಂಡಲ್‌ನಿಂದ ನಿಧಾನ ತಿರುಗಿಸುತ್ತ ಪ್ರತಿ ವಾಲ್ವ್ ಎದ್ದು ಇಳಿಯುವುದನ್ನು ನೋಡಿ. ಹೆಡ್ ತೆಗೆದಾಗ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಬಿರುಕು ಹುಡುಕಿ. ಅಳತೆಗಳು ಇಷ್ಟು: ಪ್ಲಗ್ ಅಂತರ 0.030 ಇಂಚು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ 0.020, ತಣ್ಣಗಿರುವಾಗ ವಾಲ್ವ್ ಅಂತರ 0.014, ಕಿಡಿಯ ಕ್ರಮ 1-3-4-2.

ವಿದ್ಯುತ್ತು 6 ವೋಲ್ಟ್. ಅದೇ ಕೆಲಸಕ್ಕೆ 12 ವೋಲ್ಟ್ ಗಾಡಿಯ ಎರಡರಷ್ಟು ಕರೆಂಟ್ ಹರಿಯಬೇಕು, ಹಾಗಾಗಿ ಇಂದಿನ ಕಾರಿನ ತೆಳು ಬ್ಯಾಟರಿ ಕೇಬಲ್ ಹಾಕಿದರೆ ಸ್ಟಾರ್ಟರ್ ಮುಲುಕುತ್ತದೆ. ಹೊಸ ಬಣ್ಣದ ಗಾಡಿಯಲ್ಲಿ ದೀಪ ಮಂಕಾದರೆ ಬಲ್ಬನ್ನು ದೂರಬೇಡಿ. ಅರ್ತ್ ಕೂರುವ ಜಾಗದ ಬಣ್ಣ ಕೆರೆದು ಉಕ್ಕು ಕಾಣುವಂತೆ ಮಾಡಿ.

ಚಕ್ರದಲ್ಲಿ ಎರಡು ಅಪಾಯ. ಎಡಗಡೆಯ ಚಕ್ರಗಳ ನಟ್‌ಗಳಿಗೆ ಉಲ್ಟಾ ಮರೆ (ಥ್ರೆಡ್). ಗೊತ್ತಿಲ್ಲದೆ ಬಿಗಿದು ಸ್ಟಡ್ ಮುರಿಯುವುದು ಸಾಮಾನ್ಯ. ಎರಡು ಹೋಳಾಗಿ ಬೋಲ್ಟ್ ಹಾಕಿದ ಯುದ್ಧದ ರಿಮ್ ಇನ್ನೂ ಗಂಭೀರ. ಗಾಳಿ ಪೂರ್ತಿ ಬಿಟ್ಟು, ವಾಲ್ವಿನ ಪಿನ್ ಕೂಡ ತೆಗೆಯುವ ತನಕ ಆ ಬೋಲ್ಟ್ ಮುಟ್ಟಬೇಡಿ. ಗಾಳಿಯಿದ್ದಾಗ ಸಡಿಲಿಸಿದರೆ ರಿಮ್ ಸಿಡಿದು ಪ್ರಾಣ ತೆಗೆಯಬಲ್ಲದು.

ಓಡುವಾಗ ಸ್ಟಿಯರಿಂಗ್ ಗಡಗಡ ನಡುಗಿದರೆ ಮುಂಚಕ್ರ ಎಡಬಲಕ್ಕೆ ತಿರುಗುವ ಗೂಟದ (ಕಿಂಗ್‌ಪಿನ್) ಬೇರಿಂಗ್ ಸಡಿಲವಾಗಿರಬಹುದು. ಶಿಮ್ ಎಂಬ ತೆಳು ತಗಡಿನ ಬಿಲ್ಲೆಗಳನ್ನು ಮೇಲೂ ಕೆಳಗೂ ಸಮವಾಗಿ ತೆಗೆದು ಬಿಗಿ ತರಬೇಕು.

ಇನ್ನು ಬಣ್ಣ. ಮರಳು ಸಿಡಿಸಿ ಒಂದೇ ಏಟಿಗೆ ಎಲ್ಲ ಕಿತ್ತುಹಾಕುವ ಆತುರದಲ್ಲಿ ಗಾಡಿಯ ಚರಿತ್ರೆಯೇ ಉದುರಿಹೋಗುತ್ತದೆ. ಬಾನೆಟ್ಟಿನ ಪಕ್ಕಗಳಲ್ಲಿ ಸೇನೆ ನೋಂದಣಿ ಸಂಖ್ಯೆ ಬರೆಸುತ್ತಿತ್ತು, ಅಮೆರಿಕದ ಈ ಜೀಪುಗಳಲ್ಲಿ ಅದು 20ರಿಂದ ಶುರು. ಮೊದಮೊದಲು ಮಂದ ನೀಲಿ, ಆಮೇಲೆ ಬಿಳಿ. 400ರ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಒಂದೊಂದೇ ಪದರ ಸವೆಸಿ. ನೀಲಿ ಅಂಕಿ ಹಸಿರಿನೊಳಗೆ ಸುಲಭವಾಗಿ ಕಣ್ತಪ್ಪುತ್ತದೆ, ಮೈ ಒದ್ದೆಯಿರುವಾಗ ಓರೆ ಬೆಳಕು ಬಿಟ್ಟು ನೋಡಬೇಕು. ಅಂಕಿ ಮೂಡಿದ ಕೂಡಲೇ ಕೈ ನಿಲ್ಲಿಸಿ, ಫೋಟೊ ತೆಗೆದು, ಅಂಚುಗಳಿಂದ ದೂರ ಅಳೆದು, ಅಕ್ಷರಗಳ ಆಕಾರವನ್ನು ಟ್ರೇಸಿಂಗ್ ಹಾಳೆಗೆ ಇಳಿಸಿಕೊಳ್ಳಿ. ಹೊಳಪಿಲ್ಲದ ಆಲಿವ್ ಬಣ್ಣದ ಡಬ್ಬಿ ತೆರೆಯುವುದು ಆಮೇಲೆ.