ಮಿಡಲ್ ಸ್ಕೂಲ್ ಮಕ್ಕಳಿಗೆ ಅಮೆರಿಕದ ಸರ್ಕಾರ ಮತ್ತು ಪೌರತ್ವವನ್ನು ಕಲಿಸುವ ಬಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಸಾಮಾನ್ಯವಾಗಿ ಆರರಿಂದ ಎಂಟನೆಯ ತರಗತಿಯೊಳಗೆ ಆ ದೇಶದ ಸರ್ಕಾರದ ಬಗ್ಗೆ ಓದಲು ತೊಡಗುತ್ತಾರೆ. ಮನೆಯಲ್ಲಿ ನೆರವಾಗುವ ತಂದೆತಾಯಿಯರೂ ವಾರಾಂತ್ಯದ ತರಗತಿಗಳ ಸ್ವಯಂಸೇವಕರೂ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಮೂರು ಚೌಕಗಳನ್ನು ಬರೆದು ಪಾಠ ಆರಂಭಿಸುವುದು ರೂಢಿ. ಆ ಚಿತ್ರ ಬೇಕಾದದ್ದೇ, ಆದರೆ ಮೊದಲ ದಿನ ಬೇಕಿಲ್ಲ. ಹನ್ನೊಂದು, ಹನ್ನೆರಡರ ವಯಸ್ಸಿನ ಮಕ್ಕಳಿಗೆ ನ್ಯಾಯ, ಅನ್ಯಾಯಗಳ ವಿಷಯದಲ್ಲಿ ದೊಡ್ಡವರಿಗಿಂತ ಹೆಚ್ಚಿನ ಕಳಕಳಿಯಿರುತ್ತದೆ. ಹಾಗಾಗಿ ನಮ್ಮ ಮೊದಲ ಪ್ರಶ್ನೆ ‘ಈ ನಿಯಮ ಮಾಡಿದವರು ಯಾರು? ಇದನ್ನು ಬದಲಿಸಬೇಕೆಂದರೆ ಯಾರ ಬಳಿ ಹೋಗಬೇಕು?’ ಎಂಬುದಾಗಿರಲಿ. ಮುಂದಿನ ಪಾಠಗಳೆಲ್ಲವೂ ಇದೇ ಪ್ರಶ್ನೆಯಿಂದ ಹುಟ್ಟಿಕೊಳ್ಳಬಲ್ಲವು.

ಮೊದಲ ತರಗತಿಯಲ್ಲಿ ಪ್ರತಿ ಮಗುವೂ ಬೆಳಗ್ಗೆ ಎದ್ದಾಗಿನಿಂದ ಶಾಲೆ ತಲುಪುವವರೆಗೆ ತನ್ನ ಮೇಲೆ ಅನ್ವಯವಾಗುವ ಹತ್ತು ನಿಯಮಗಳನ್ನು ಬರೆಯಲಿ. ನಲ್ಲಿಯ ನೀರು, ಹಾಲಿನ ಡಬ್ಬಿಯ ಮೇಲಿನ ಪೌಷ್ಟಿಕಾಂಶದ ಪಟ್ಟಿ, ಅಪ್ಪನ ಡ್ರೈವಿಂಗ್ ಲೈಸೆನ್ಸ್, ಶಾಲೆಯ ಗಂಟೆ, ತರಗತಿಯಲ್ಲಿ ಫೋನು ಬಳಸಬಾರದೆಂಬ ಕಟ್ಟಳೆ ಎಲ್ಲವೂ ಅದರಲ್ಲಿ ಬರುತ್ತವೆ. ಅನಂತರ ಒಂದೊಂದನ್ನೂ ನಗರ, ಕೌಂಟಿ (ರಾಜ್ಯದೊಳಗಿನ ಜಿಲ್ಲೆಯಂಥ ಘಟಕ), ಸ್ಕೂಲ್ ಬೋರ್ಡ್ (ಸ್ಥಳೀಯ ಶಾಲೆಗಳ ಆಡಳಿತ ಮಂಡಳಿ), ರಾಜ್ಯ, ಫೆಡರಲ್ (ಕೇಂದ್ರ) ಸರ್ಕಾರ ಎಂಬ ಐದು ಕಾಲಂಗಳಲ್ಲಿ ಹಂಚಬೇಕು. ಹಾಲಿನ ಡಬ್ಬಿಯ ಪಟ್ಟಿ ಫೆಡರಲ್ ಸರ್ಕಾರದ್ದು, ಲೈಸೆನ್ಸ್ ರಾಜ್ಯದ್ದು. ಶಾಲೆಯ ಗಂಟೆಯಂಥ ಸಣ್ಣ ಸಂಗತಿಯೇ ಅತ್ಯಂತ ಬೋಧಪ್ರದವಾದುದು. ಅದನ್ನು ಹೆಚ್ಚಿನ ಕಡೆ ಸ್ಥಳೀಯ ಸ್ಕೂಲ್ ಬೋರ್ಡ್ ನಿರ್ಧರಿಸುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಮಿಡಲ್ ಸ್ಕೂಲುಗಳು ಬೆಳಗ್ಗೆ 8 ಗಂಟೆಗೆ ಮೊದಲು ಆರಂಭವಾಗಬಾರದೆಂದು 2019ರಲ್ಲಿ ರಾಜ್ಯವೇ ಕಾನೂನು ಮಾಡಿತು, ಅದು ಗ್ರಾಮೀಣ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ 2022ರಲ್ಲಿ ಜಾರಿಗೆ ಬಂತು. ಮಕ್ಕಳ ನಿದ್ದೆಯ ಪ್ರಶ್ನೆ ರಾಜ್ಯದ ಶಾಸನಸಭೆಯವರೆಗೂ ಹೋಗಬಲ್ಲದೆಂದು ತಿಳಿದಾಗ ತರಗತಿ ಕಿವಿ ನಿಮಿರಿಸುತ್ತದೆ.

ಇಲ್ಲಿ ಕಲಿಸುವವರಿಗೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಾವು ಕರ್ನಾಟಕದ ಶಾಲೆಗಳಲ್ಲಿ ಕಲಿತ ಪೌರನೀತಿ ನಮ್ಮೊಳಗೆ ಗಟ್ಟಿಯಾಗಿ ಕೂತಿರುವುದರಿಂದ, ನಮಗೆ ಅರಿವಿಲ್ಲದೆಯೇ ಅಮೆರಿಕದ ವ್ಯವಸ್ಥೆಯನ್ನು ಭಾರತದ ಅಚ್ಚಿನಲ್ಲಿ ಎರಕ ಹೊಯ್ಯುತ್ತೇವೆ. ಅಮೆರಿಕದ ಅಧ್ಯಕ್ಷರು ನಮ್ಮ ಪ್ರಧಾನಮಂತ್ರಿಯಂತೆ ಸದನದ ಬಹುಮತದ ಮೇಲೆ ನಿಂತವರಲ್ಲ. ಅವಿಶ್ವಾಸ ನಿರ್ಣಯದಿಂದ ಅವರನ್ನು ಇಳಿಸಲಾಗದು, ಅವರ ಸಂಪುಟದವರು ಶಾಸಕರೂ ಆಗಿರುವಂತಿಲ್ಲ. ಸೆನೆಟ್ ನಮ್ಮ ರಾಜ್ಯಸಭೆಯಲ್ಲ: ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ 6 ಲಕ್ಷಕ್ಕಿಂತ ಕಡಿಮೆ ಜನರ ವಯೋಮಿಂಗಿಗೂ ಅಲ್ಲಿ ಇಬ್ಬಿಬ್ಬರೇ ಸದಸ್ಯರು. ಇಡೀ ದೇಶದ ಚುನಾವಣೆಯನ್ನು ನಡೆಸುವ ನಮ್ಮಂಥ ಚುನಾವಣಾ ಆಯೋಗ ಅಲ್ಲಿಲ್ಲ, ಆ ಕೆಲಸ ರಾಜ್ಯಗಳದ್ದು ಮತ್ತು ಕೌಂಟಿಗಳದ್ದು. ‘ಕಾಂಗ್ರೆಸ್’ ಎಂಬ ಶಬ್ದವೂ ತೊಡಕಿನದೇ, ಅಲ್ಲಿ ಅದು ಪ್ರತಿನಿಧಿ ಸಭೆ ಮತ್ತು ಸೆನೆಟ್ ಸೇರಿದ ಶಾಸಕಾಂಗದ ಹೆಸರು. ಊರಿನ ರಾಜಕೀಯದ ಮಾತು ಕೇಳುತ್ತ ಬೆಳೆದ ಮಗು ಅದನ್ನು ಪಕ್ಷವೆಂದೇ ತಿಳಿದಿರಬಹುದು. ಎರಡು ದೇಶಗಳ ಹೋಲಿಕೆ ಬೇಡವೆಂದಲ್ಲ, ಹೋಲಿಕೆಯನ್ನು ವ್ಯತ್ಯಾಸ ತೋರಿಸಲು ಬಳಸಿದರೆ ಕನ್ನಡ ಮನೆಯ ಮಗುವಿಗೆ ಅದು ಸಹಪಾಠಿಗಳಿಗಿಲ್ಲದ ಸೌಕರ್ಯ.

ಮಸೂದೆಯ ಪಾಠವನ್ನು ಆಡಿಸಿಯೇ ಕಲಿಸಬೇಕು. ಹನ್ನೆರಡು ಮಕ್ಕಳಿದ್ದರೆ ಏಳು ಜನ ಪ್ರತಿನಿಧಿ ಸಭೆ, ನಾಲ್ವರು ಸೆನೆಟ್, ಒಬ್ಬರು ಅಧ್ಯಕ್ಷರಾಗಲಿ. ಮನೆಗೆಲಸದ ಹೊರೆಯಂಥ, ಅವರಿಗೆ ನಿಜವಾಗಿ ತಾಗುವ ವಿಷಯವೊಂದನ್ನು ಮಸೂದೆಯಾಗಿ ಬರೆಯಲಿ. ಮೊದಲು ಮೂವರ ಸಮಿತಿ ಅದನ್ನು ಪರಿಶೀಲಿಸಲಿ, ಎರಡೂ ಸದನಗಳು ಒಂದೇ ಪಠ್ಯವನ್ನು ಒಪ್ಪಲಿ, ಅಧ್ಯಕ್ಷರು ವೀಟೊ ಮಾಡಿದರೆ, ಅಂದರೆ ತಿರಸ್ಕರಿಸಿದರೆ, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಕೂಡಿಸಲು ಹೆಣಗಲಿ. ಮಸೂದೆ ಸಮಿತಿಯಲ್ಲೇ ಸತ್ತುಹೋದರೆ ಅದನ್ನು ಬದುಕಿಸಲು ಶಿಕ್ಷಕರು ಕೈಹಾಕಬಾರದು, ಏಕೆಂದರೆ ನಿಜವಾದ ಕಾಂಗ್ರೆಸ್ಸಿನಲ್ಲಿಯೂ ಬಹುಪಾಲು ಮಸೂದೆಗಳ ಗತಿ ಅದೇ. ಸೋತ ಮಕ್ಕಳು ‘ಹಾಗಾದರೆ ಕಾನೂನು ಆಗುವುದಾದರೂ ಹೇಗೆ?’ ಎಂದು ಕೇಳಿದ ಮೇಲೆ ಮೂರು ಚೌಕಗಳ ಚಿತ್ರವನ್ನು ಬರೆಯಿರಿ.

ನ್ಯಾಯಾಂಗಕ್ಕೆ ಅವರದೇ ವಯಸ್ಸಿನ ಹುಡುಗಿಯ ಪ್ರಕರಣವಿದೆ. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆ ಮೊಯ್ನ್ ನಗರದ ಹದಿಮೂರು ವರ್ಷದ ಮೇರಿ ಬೆತ್ ಟಿಂಕರ್, ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ಶೋಕ ಸೂಚಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಳು. ಅಂಥ ಪಟ್ಟಿಯನ್ನು ಶಾಲೆಗಳು ಮೊದಲೇ ನಿಷೇಧಿಸಿದ್ದರಿಂದ ಅವಳನ್ನೂ ಅವಳ ಅಣ್ಣ ಜಾನ್‌ನನ್ನೂ ಮತ್ತೊಬ್ಬ ವಿದ್ಯಾರ್ಥಿಯನ್ನೂ ಮನೆಗೆ ಕಳುಹಿಸಲಾಯಿತು. ಇಷ್ಟು ಹೇಳಿ ನಿಲ್ಲಿಸಿ, ಪ್ರತಿಯೊಬ್ಬರೂ ತಾವೇ ನ್ಯಾಯಾಧೀಶರೆಂದು ಭಾವಿಸಿ ಐದು ವಾಕ್ಯಗಳ ತೀರ್ಪು ಬರೆಯಲಿ, ಅದರಲ್ಲಿ ಕಾರಣ ಇರಲೇಬೇಕು. ಆಮೇಲೆ 1969ರ ತೀರ್ಪನ್ನು ತಿಳಿಸಿ: ಪಾಠಕ್ಕೆ ಗಣನೀಯ ಅಡ್ಡಿಯಾಗದಿರುವಾಗ ವಿದ್ಯಾರ್ಥಿಗಳ ಅಭಿವ್ಯಕ್ತಿಯನ್ನು ಶಾಲೆ ತಡೆಯಲಾಗದೆಂದು ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಹೇಳಿತು. ಶಾಲೆ ಶಿಸ್ತನ್ನು ಕಾಯ್ದುಕೊಳ್ಳಬೇಕೆಂದು ವಾದಿಸಿದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಅವರ ಭಿನ್ನಮತವನ್ನೂ ಅಷ್ಟೇ ಗೌರವದಿಂದ ವಿವರಿಸಿ. ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ ಮೊದಲ ತಿದ್ದುಪಡಿಯನ್ನು ಬಾಯಿಪಾಠ ಮಾಡಿಸುವ ಅಗತ್ಯ ಆಮೇಲೆ ಬಾರದು.

ಪೌರತ್ವದ ಪಾಠಕ್ಕೆ ಹೆಚ್ಚು ಸಮಯ, ಹೆಚ್ಚು ಸೂಕ್ಷ್ಮತೆ ಬೇಕು. ಒಂದೇ ಮೇಜಿನ ಸುತ್ತ ಅಲ್ಲಿಯೇ ಹುಟ್ಟಿದ ಮಗು, ಗ್ರೀನ್ ಕಾರ್ಡ್ ಇರುವ ಮಗು, ಎಚ್-4 ವೀಸಾದ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಮಗು ಕೂತಿರಬಹುದು. ಯಾರ ಸ್ಥಿತಿ ಏನೆಂದು ತರಗತಿಯಲ್ಲಿ ಎಂದಿಗೂ ಕೇಳಬಾರದು. 1868ರ ಹದಿನಾಲ್ಕನೆಯ ತಿದ್ದುಪಡಿಯ ಮೊದಲ ವಿಭಾಗವನ್ನು ಮುದ್ರಿಸಿ ಕೊಟ್ಟು, ‘ನಾಗರಿಕ’ ಎಂಬರ್ಥದ ಪದಕ್ಕೆ ಒಂದು ಬಣ್ಣ, ‘ವ್ಯಕ್ತಿ’ ಎಂಬರ್ಥದ ಪದಕ್ಕೆ ಇನ್ನೊಂದು ಬಣ್ಣ ಹಚ್ಚಿಸಿ. ಕಾನೂನಿನ ಸಮಾನ ರಕ್ಷಣೆ ವ್ಯಕ್ತಿಗೆಂದು ಬರೆದಿದೆ, ನಾಗರಿಕರಿಗೆ ಮಾತ್ರವೆಂದಲ್ಲ. ಫೆಡರಲ್ ಚುನಾವಣೆಯ ಮತವಾದರೋ ನಾಗರಿಕರದ್ದು. ವೀಸಾದ ಕಾಗದಪತ್ರಗಳ ಆತಂಕವನ್ನು ಮನೆಯಲ್ಲಿ ಕಂಡ ಮಗುವಿಗೆ ಈ ಎರಡು ಬಣ್ಣಗಳ ಹಾಳೆ ಕೊಡುವ ಧೈರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭಾರತೀಯರ ಕಥೆಯನ್ನೂ ಇಲ್ಲಿಯೇ ಹೇಳಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದ ಭಗತ್ ಸಿಂಗ್ ಥಿಂಡ್ ಅವರು ಅಂದಿನ ಕಾನೂನಿನ ಅರ್ಥದಲ್ಲಿ ‘ಬಿಳಿಯ ವ್ಯಕ್ತಿ’ ಅಲ್ಲವಾದ್ದರಿಂದ ನಾಗರಿಕರಾಗಲಾರರೆಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. 1946ರ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು, ವಲಸೆಗೆ ಮಾತ್ರ ವರ್ಷಕ್ಕೆ 100 ಜನರ ಮಿತಿಯಿತ್ತು. ಹತ್ತು ವರ್ಷಗಳಲ್ಲಿ, 1956ರಲ್ಲಿ, ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೆ ಆರಿಸಿಬಂದರು. 2022ರಲ್ಲಿ ಮಿಷಿಗನ್ನಿನಿಂದ ಅದೇ ಸಭೆಗೆ ಗೆದ್ದ ಶ್ರೀ ಥಾಣೇದಾರ್ ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದವರು. ನ್ಯಾಯಾಲಯವೂ ತಪ್ಪಬಹುದು, ಶಾಸನ ಅದನ್ನು ತಿದ್ದಬಹುದು ಎಂಬುದು ಈ ಇಸವಿಗಳ ನಡುವೆಯೇ ಮಕ್ಕಳಿಗೆ ಕಾಣಿಸುತ್ತದೆ.

ಪೌರತ್ವ ಪರೀಕ್ಷೆಗೆ ಓದುತ್ತಿರುವ ಹಿರಿಯರು ಮನೆಯಲ್ಲಿದ್ದರೆ ಮಕ್ಕಳೇ ಪರೀಕ್ಷಕರಾಗಲಿ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿಯಿದ್ದು, ಕೇಳುವ 20ರಲ್ಲಿ 12ಕ್ಕೆ ಸರಿಯುತ್ತರ ಹೇಳಬೇಕು. ಉತ್ತರ ಸರಿಯಿದ್ದರೆ ಸಾಲದು, ‘ಅದು ಯಾಕೆ ಹಾಗೆ?’ ಎಂದೂ ಮಗು ಕೇಳಬೇಕು, ಹಿರಿಯರು ವಿವರಿಸಬೇಕು.

ಪಕ್ಷ ರಾಜಕೀಯದ ವಿಷಯದಲ್ಲಿ ನನ್ನ ನಿಲುವು ಇಷ್ಟು: ನಿಮ್ಮ ಒಲವನ್ನು ಮಕ್ಕಳು ಕೇಳಿದರೆ ಸುಳ್ಳು ಹೇಳಬೇಡಿ, ಆದರೆ ಅದನ್ನು ಪಾಠವಾಗಿಸಬೇಡಿ, ಯಾವುದೇ ವಿವಾದದಲ್ಲಿ ಎದುರು ಪಕ್ಷದವರು ಒಪ್ಪುವ ಮಾತುಗಳಲ್ಲಿಯೇ ಅವರ ವಾದವನ್ನು ಮಗು ಹೇಳಬಲ್ಲದೇ ಎಂದು ನೋಡಿ.

ಕೊನೆಯ ಹಂತವಾಗಿ ಮಕ್ಕಳನ್ನು ನಿಮ್ಮ ಊರಿನ ಸ್ಕೂಲ್ ಬೋರ್ಡ್ ಅಥವಾ ಸಿಟಿ ಕೌನ್ಸಿಲ್ ಸಭೆಗೆ ಕರೆದೊಯ್ಯಿರಿ. ಕಾರ್ಯಸೂಚಿ ಮುಂಚಿತವಾಗಿಯೇ ಸಿಗುತ್ತದೆ, ಸಾರ್ವಜನಿಕರು ಮಾತಾಡಲು ಹೆಚ್ಚಿನ ಕಡೆ ಎರಡು ಮೂರು ನಿಮಿಷಗಳ ಅವಕಾಶವಿರುತ್ತದೆ. ಹೆಸರು ಕೊಡುವ ಕ್ರಮವನ್ನು ಮೊದಲೇ ತಿಳಿದುಕೊಳ್ಳಿ. ಮೊದಲ ಸಲ ಕೇಳಿಸಿಕೊಂಡು ಬಂದರೆ ಸಾಕು. ಎರಡನೆಯ ಸಲಕ್ಕೆ, ಮೊದಲ ತರಗತಿಯ ಹತ್ತು ನಿಯಮಗಳಲ್ಲಿ ಆ ಸಭೆಯ ವ್ಯಾಪ್ತಿಗೆ ಬರುವ ಒಂದನ್ನು ಆರಿಸಿಕೊಂಡು, ಎರಡು ನಿಮಿಷದಲ್ಲಿ ಓದಿ ಮುಗಿಸಬಹುದಾದ ಮಾತನ್ನು ಮಗು ತಾನೇ ಬರೆಯಲಿ, ಗಡಿಯಾರ ಇಟ್ಟುಕೊಂಡು ನೀವು ಕೇಳಿಸಿಕೊಳ್ಳಿ.