ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜ್ ಮೇಷ್ಟ್ರುಗಳು ಸ್ಯಾಕ್ರಮೆಂಟೋಗೆ (ರಾಜ್ಯದ ರಾಜಧಾನಿ, ಶಾಸನಸಭೆ ಇರೋ ಊರು) ಮಾತು ಮುಟ್ಸೋದು ಹೇಗೆ
ಮೊದ್ಲು ಟೈಮಿಂಗ್ ನೋಡ್ಕೊಳ್ಳಿ. ಗವರ್ನರ್ ಬಜೆಟ್ ಜನವರಿ 10ರೊಳಗೆ ಬರುತ್ತೆ, ಮೇ ಮಧ್ಯದಲ್ಲಿ ಅದನ್ನ ತಿದ್ತಾರೆ, ಜೂನ್ 15ಕ್ಕೆ ಪಾಸಾಗ್ಬೇಕು, ಹಾಗಾಗಿ ಜೂನಲ್ಲಿ ಎದ್ದು ಕೂಗಾಡಿದ್ರೆ ಏನೂ ಉಪಯೋಗ ಇಲ್ಲ, ಫೆಬ್ರವರಿ ಮಾರ್ಚಲ್ಲೇ ನಿಮ್ಮ ಏರಿಯಾ ಅಸೆಂಬ್ಲಿ ಮೆಂಬರ್ ಆಫೀಸಿಗೆ ಹೋಗಿ. ಮೆಂಬರ್ ಸಿಗ್ದೆ ಸ್ಟಾಫ್ ಮಾತ್ರ ಸಿಕ್ರೂ ಬೇಜಾರಾಗ್ಬೇಡಿ, ಬಿಲ್ (ಮಸೂದೆ) ಕೂತು ಓದೋದು ಹೆಚ್ಚಾಗಿ ಅವ್ರೇ.

ಹತ್ತು ದೂರು ಹೊತ್ಕೊಂಡು ಹೋಗ್ಬೇಡಿ, ಒಂದೇ ಬೇಡಿಕೆ, ಬಿಲ್ ನಂಬರ್ ಸಮೇತ. ಉದಾಹರಣೆಗೆ ಪಾರ್ಟ್‌ಟೈಮ್ ಮೇಷ್ಟ್ರಿಗೆ ಒಂದು ಡಿಸ್ಟ್ರಿಕ್ಟಲ್ಲಿ (ಕಾಲೇಜ್ ಆಡಳಿತ ವಲಯ) ಫುಲ್‌ಟೈಮ್ ಮೇಷ್ಟ್ರ ಪಾಠದ ಲೋಡಿನ 67%ಗಿಂತ ಹೆಚ್ಚು ಕೊಡೋ ಹಾಗಿಲ್ಲ ಅನ್ನೋ ಮಿತಿ ಇದೆಯಲ್ಲ, ಅದ್ರಿಂದ ಎರಡ್ಮೂರು ಕಾಲೇಜಿಗೆ ಕಾರ್ ಓಡಿಸ್ಕೊಂಡು ಪಾಠ ಮಾಡೋರ ದಿನ ಹೇಗಿರುತ್ತೆ ಅಂತ ಹೇಳಿ, ಅಂಕಿಅಂಶಕ್ಕಿಂತ ಅದು ತಲೆಯಲ್ಲಿ ಉಳಿಯುತ್ತೆ.

ಬಿಲ್ ಮೇಲೆ ನಡೆಯೋ ಕಮಿಟಿ ಹಿಯರಿಂಗಲ್ಲಿ ಮುಖ್ಯ ಸಾಕ್ಷಿಗಳಿಗೆ ಮಾತ್ರ ಒಂದೆರಡು ನಿಮಿಷ. ಉಳಿದೋರು ಹೆಸ್ರು, ಸಂಸ್ಥೆ, ಪರವೋ ವಿರೋಧವೋ ಅಷ್ಟೇ. ಭಾಷಣ ಶುರು ಮಾಡಿದ್ರೆ ಮೈಕ್ ಕಟ್ (ನಮ್ಮ ಮೇಷ್ಟ್ರುಗಳಿಗೆ ಇದೇ ಕಷ್ಟ).

ಕಾಲೇಜಿನ ಈಮೇಲು, ಜೆರಾಕ್ಸ್ ಮಿಷನ್ನು ಯಾವ ಕ್ಯಾಂಡಿಡೇಟ್ ಪ್ರಚಾರಕ್ಕೂ ಮುಟ್ಬೇಡಿ, ಎಜುಕೇಶನ್ ಕೋಡ್ 7054 ಪ್ರಕಾರ ಅದು ಅಪರಾಧ. ಸ್ವಂತ ಫೋನು, ಸ್ವಂತ ಟೈಮು.