ವಾರ್ಡಿನಲ್ಲಿ ನಾನು ಮೊದಲು ನೋಡುವುದು ರೋಗಿಯ ಕಾಲು

ನಮ್ಮ ಮಾನಸಿಕ ರೋಗಗಳ ವಾರ್ಡಿಗೆ ಪೋಸ್ಟಿಂಗಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸ್ಕಿಜೋಫ್ರೀನಿಯಾದ ಲಕ್ಷಣಗಳೆಲ್ಲ ಬಾಯಿಪಾಠ. ಯಾರೂ ಇಲ್ಲದಿದ್ದರೂ ಕಿವಿಗೆ ಮಾತು ಕೇಳುವುದು, ಊಟಕ್ಕೆ ಯಾರೋ ವಿಷ ಹಾಕುತ್ತಿದ್ದಾರೆ ಎಂಬ ಬಿಡದ ಸಂಶಯ. ಇವು ಎದ್ದು ಕಾಣುತ್ತವೆ. ಸ್ನಾನ ಬೇಡ, ಮಾತು ಬೇಡ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನುವುದೂ ಇದೇ ಕಾಯಿಲೆ. ಅದನ್ನು ಮನೆಯವರು ಸೋಮಾರಿತನ ಅಂತ ಬೈದಿರುತ್ತಾರೆ. ಔಷಧಿ ಮೊದಲಿನದಕ್ಕೆ ಚೆನ್ನಾಗಿ ಹಿಡಿಯುತ್ತದೆ, ಎರಡನೆಯದಕ್ಕೆ ಅಷ್ಟಕ್ಕಷ್ಟೆ.

ಧ್ವನಿ ಕೇಳುತ್ತದೆ ಎಂದವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಹೌದೆಂದು ತಲೆಯಾಡಿಸುವುದೂ ಇಲ್ಲ. "ನನಗೆ ಕೇಳಿಸ್ತಿಲ್ಲ. ನಿಮಗೆ ಕೇಳಿಸ್ತಿದೆ, ಭಯ ಆಗ್ತಿರಬೇಕಲ್ವಾ?" ಅನ್ನುತ್ತೇನೆ. ಆಮೇಲೆ ಬಿಡದೆ ಕೇಳುವ ಪ್ರಶ್ನೆ: "ಏನಾದ್ರೂ ಮಾಡು ಅಂತ ಹೇಳ್ತಿದೆಯಾ?" ಸಾಯಿ, ಹೊಡಿ ಅಂತ ಹೇಳುತ್ತಿದ್ದರೆ ಡಾಕ್ಟರಿಗೆ ತಕ್ಷಣ ತಿಳಿಸಬೇಕು, ಅವರನ್ನು ಕಣ್ಣೆದುರಲ್ಲೇ ಇಟ್ಟುಕೊಳ್ಳಬೇಕು.

ಈ ಕಾಯಿಲೆಗೆ ಕೊಡುವ ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್ ಥರದ ಮಾತ್ರೆ ಶುರುವಾದ ಮೇಲೆ ನನ್ನ ಕಣ್ಣು ರೋಗಿಯ ಮೈ ಮೇಲೆ. ಮೊದಲ ಕೆಲವು ದಿನಗಳಲ್ಲೇ ಕತ್ತು ತಿರುಚಿಕೊಳ್ಳಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಹರೆಯದ ಗಂಡಸರಲ್ಲಿ ಇದು ಜಾಸ್ತಿ. ನೋಡಿದವರು ಹೆದರುತ್ತಾರೆ. ಡಾಕ್ಟರ್ ಬರೆದ ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತಿಗೇ ಸರಿಹೋಗುತ್ತದೆ.

ಗೊತ್ತಾಗದೆ ಹೋಗುವುದು ಅಕಥೀಸಿಯಾ, ಅಂದರೆ ಈ ಮಾತ್ರೆಗಳಿಂದಲೇ ಬರುವ, ಕೂರಲೂ ನಿಲ್ಲಲೂ ಬಿಡದ ಚಡಪಡಿಕೆ. ಒಬ್ಬ ಹುಡುಗ ಊಟದ ತಟ್ಟೆ ಹಿಡಿದುಕೊಂಡೇ ವಾರ್ಡಿನ ಉದ್ದಕ್ಕೂ ಓಡಾಡುತ್ತಿದ್ದ. ಕೂತರೆ ಎದ್ದ, ನಿಂತರೆ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಹಾಕಿದ. ಕಾಯಿಲೆ ಹೆಚ್ಚಾಗಿದೆ ಅಂತ ಅಕ್ಕಪಕ್ಕದವರ ಮಾತು. "ಮನಸ್ಸಿಗೆ ಕಳವಳವಾ, ಕಾಲು ನಿಲ್ತಿಲ್ವಾ?" ಅಂತ ಕೇಳಿದೆ. "ಕಾಲೊಳಗೆ ಇರುವೆ ಹರಿದಾಡಿದ ಹಾಗೆ ಸಿಸ್ಟರ್, ಕೂರಕ್ಕೇ ಆಗಲ್ಲ" ಅಂದ. ಅವನ ಮಾತನ್ನು ಹಾಗೇ ನರ್ಸಸ್ ನೋಟ್ಸಿನಲ್ಲಿ ಬರೆದು ಡಾಕ್ಟರಿಗೆ ಫೋನ್ ಮಾಡಿದೆ. ಡೋಸ್ ಇಳಿಸಿದರು, ಚಡಪಡಿಕೆ ತಗ್ಗಿಸುವ ಪ್ರೊಪ್ರನೊಲಾಲ್ ಸೇರಿಸಿದರು. ಇದನ್ನೇ ಕಾಯಿಲೆಯ ಉದ್ವೇಗ ಅಂದುಕೊಂಡು ಹ್ಯಾಲೋಪೆರಿಡಾಲ್ ಏರಿಸಿದ್ದರೆ ಕಾಲಿನ ಸಂಕಟ ಇನ್ನೂ ಏರುತ್ತಿತ್ತು.

ಎಷ್ಟೋ ಜನ ಮನೆಗೆ ಹೋಗಿ ಮಾತ್ರೆ ಬಿಡುವುದು ಇಂಥ ಸಂಕಟಕ್ಕೇ. ತೂಕ ಏರುವುದು, ಹಗಲೆಲ್ಲ ನಿದ್ದೆ ತೂಗುವುದು ಇನ್ನೊಂದು ಕಾರಣ. ಹಾಗಾಗಿ ಮತ್ತೆ ಅಡ್ಮಿಟ್ ಆದವರನ್ನು "ಯಾಕೆ ಬಿಟ್ಟಿರಿ?" ಅಂತ ಗದರುವುದಿಲ್ಲ. "ಮಾತ್ರೆ ತಗೊಂಡ್ರೆ ಏನಾಗ್ತಿತ್ತು?" ಅಂತ ಕೇಳುತ್ತೇನೆ. ಉತ್ತರ ಬೇರೆಯೇ ಬರುತ್ತದೆ.

ಗಾಳಿ ಸೋಕಿದೆ, ಮಾಟ ಆಗಿದೆ ಅನ್ನುವ ತಾಯಿಯ ಹತ್ತಿರವೂ ಜಗಳ ಬೇಡ. "ಹರಕೆ ತೀರಿಸಿ ಬನ್ನಿ ಅಮ್ಮ, ಮಾತ್ರೆ ಮಾತ್ರ ತಪ್ಪಿಸಬೇಡಿ" ಅಂದರೆ ಆಯಿತು. ಸರಪಳಿ ಹಾಕಿ ಕಟ್ಟುವ ವಿಷಯದಲ್ಲಿ ಮಾತ್ರ ನಾನು ಮೆತ್ತಗಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ನಿಷೇಧಿಸಿದೆ.

ದಿನಾ ಮಾತ್ರೆ ನುಂಗಲು ಆಗದವರಿಗೆ ಫ್ಲುಫೆನಜೀನ್ ಡೆಕನೋಯೇಟ್ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ, ಸ್ನಾಯುವಿಗೆ ಆಳವಾಗಿ. ಎಣ್ಣೆಯ ಔಷಧಿ, ನಿಧಾನವಾಗಿ ಒತ್ತಿ. ಬೇರೆ ಮಾತ್ರೆಗಳಿಗೆ ಬಗ್ಗದಿದ್ದರೆ ಕ್ಲೋಜಪಿನ್. ಅದು ಸೋಂಕು ತಡೆಯುವ ಬಿಳಿ ರಕ್ತಕಣಗಳನ್ನು ಇಳಿಸಬಹುದು, ಹಾಗಾಗಿ ಮೊದಲ 18 ವಾರ ವಾರಕ್ಕೊಮ್ಮೆ ಅವುಗಳ ಲೆಕ್ಕ ನೋಡುತ್ತಾರೆ. ಜ್ವರ, ಗಂಟಲು ನೋವು ಬಂದರೆ ಅವತ್ತೇ ತಿಳಿಸಬೇಕು. ಮಲಬದ್ಧತೆ ಆಗಿದೆಯಾ ಅಂತಲೂ ದಿನಾ ಕೇಳಿ. ನಾಚಿಕೊಂಡು ತಾವಾಗಿ ಹೇಳುವುದಿಲ್ಲ, ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಅದು ಜೀವಕ್ಕೇ ಕುತ್ತು ತರಬಹುದು.